ವಾಕ್ಯ ಮುಗಿಯುವ ತನಕ

ಪೀಣ್ಯದ ಯಾವುದಾದರೂ ಮಧ್ಯಮ ಗಾತ್ರದ ಕಾರ್ಖಾನೆಯೊಳಗೆ ಹೋಗಿ ನೋಡಿ, ಗೋಡೆ ತುಂಬ ಜಪಾನಿ ಭಾಷೆ ಇರುತ್ತದೆ. ಕೈಜೆನ್ ಬೋರ್ಡು, ಕಾನ್‌ಬಾನ್ ಕಾರ್ಡು, ಪೋಕಾಯೋಕೆ, ಲೈನ್ ನಿಂತಾಗ ಕೆಂಪಗೆ ಉರಿಯುವ ಆಂಡಾನ್ ದೀಪ. 5ಎಸ್‌ನ ಸೇರಿ, ಸೇತೊನ್, ಸೇಸೊ, ಸೇಕೆತ್ಸು, ಶಿತ್ಸುಕೆಗಳನ್ನು ನಿನ್ನೆ ಸೇರಿದ ಹೆಲ್ಪರ್ ಹುಡುಗನೂ ಆಡಿಟ್ ದಿನ ಉಸಿರು ಬಿಡದೆ ಒಪ್ಪಿಸುತ್ತಾನೆ. ಕ್ವಾಲಿಟಿ ವಿಭಾಗದಲ್ಲಿರುವ ನಾನೂ ವರ್ಷಗಟ್ಟಲೆ ಒಪ್ಪಿಸಿದವನೇ. ಆದರೆ ಗ್ರಾಹಕ ಕಂಪನಿಯಿಂದ ಬಂದ ಇಬ್ಬರು ಜಪಾನಿ ಎಂಜಿನಿಯರುಗಳು ನಮ್ಮ ಜಾಬನ್ನು ಬೆಳಕಿಗೆ ಹಿಡಿದು ತಮ್ಮತಮ್ಮಲ್ಲೇ ಮಾತಾಡಿಕೊಂಡಾಗ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಜೊತೆಗಿದ್ದ ದುಭಾಷಿ ಅವರ ಅಷ್ಟುದ್ದದ ಮಾತನ್ನು “ಪರವಾಗಿಲ್ಲ ಅಂತಿದಾರೆ ಸರ್” ಎಂದು ಮುಗಿಸಿಬಿಡುತ್ತಿದ್ದರು. ಆ ಅಷ್ಟುದ್ದದಲ್ಲಿ ಏನಿತ್ತು ಅನ್ನುವ ಕುತೂಹಲವೇ ನನ್ನನ್ನು ಟಿವಿ ಮುಂದೆ ಕೂರಿಸಿದ್ದು.

ಕ್ಲಾಸುಗಳಿಗೇನೂ ಬರವಿಲ್ಲ. ವಿಶ್ವವಿದ್ಯಾಲಯದ ವಿದೇಶಿ ಭಾಷಾ ತರಗತಿಗಳಿವೆ, ಖಾಸಗಿಯವರೂ ಇದ್ದಾರೆ. ಆದರೆ ಒಂದು ವಾರ ಫಸ್ಟ್ ಶಿಫ್ಟ್, ಇನ್ನೊಂದು ವಾರ ಸೆಕೆಂಡ್ ಶಿಫ್ಟ್ ಮಾಡುವವನಿಗೆ ಸಂಜೆ ಆರರ ಕ್ಲಾಸು ಎಲ್ಲಿಂದ ಬರಬೇಕು? ಲಗ್ಗೆರೆಯ ಮನೆಯಲ್ಲಿ ರಾತ್ರಿ ಊಟದ ನಂತರದ ಒಂದು ಗಂಟೆ ಮಾತ್ರ ನನ್ನದು.

ಪರದೆ ನೋಡಿ ಭಾಷೆ ಕಲಿಯುವುದು ನಮ್ಮ ತಲೆಮಾರಿನ ಕನ್ನಡಿಗರಿಗೆ ಹೊಸದೇನಲ್ಲ. 1987ರಲ್ಲಿ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಶುರುವಾದಾಗ ನಮ್ಮ ಬೀದಿಯಲ್ಲಿ ಟಿವಿ ಇದ್ದ ಮನೆಯ ನಡುಮನೆ ತುಂಬಿಹೋಗುತ್ತಿತ್ತು. ಕೂತವರಲ್ಲಿ ಹಿಂದಿ ಬಲ್ಲವರು ಯಾರೂ ಇರಲಿಲ್ಲ. ಕಥೆ ಎಲ್ಲರಿಗೂ ಗೊತ್ತಿತ್ತು, ಭಾಷೆ ಅದರ ಬೆನ್ನು ಹಿಡಿದು ಬಂತು. ಕನ್ನಡದಲ್ಲಿ ಡಬ್ಬಿಂಗಿಗೆ ದಶಕಗಳ ಕಾಲ ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೆ ಸಡಿಲವಾಯಿತು. ಅದು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಮುಗಿದಿಲ್ಲ, ನಾನು ಅದರೊಳಗೆ ಹೋಗುವುದಿಲ್ಲ. ಆದರೆ ತಮಿಳನ್ನು ತಮಿಳಿನಲ್ಲೇ, ತೆಲುಗನ್ನು ತೆಲುಗಿನಲ್ಲೇ ನೋಡಿದ ನಮ್ಮ ಕಿವಿಗಳು ಅರ್ಧ ತಿಳಿದು ಅರ್ಧ ತಿಳಿಯದ ಮಾತಿನ ನಡುವೆ ಗಾಬರಿಯಿಲ್ಲದೆ ಕೂರುವುದನ್ನು ಆಗಲೇ ಕಲಿತಿದ್ದವು. ನನ್ನ ಮಗನ ಕಾಲಕ್ಕೆ ಇನ್ನೊಂದು ತಮಾಷೆ ನಡೆಯಿತು. ಅವನು ಹಿಂದಿ ಕಲಿತದ್ದು ಡೋರೆಮಾನ್ ನೋಡಿ. ಜಪಾನಿನ ಬೆಕ್ಕು ಲಗ್ಗೆರೆಯ ಹುಡುಗನಿಗೆ ಹಿಂದಿ ಹೇಳಿಕೊಟ್ಟಿತು.

ಮೊದಲು ಕೈಗೆ ಸಿಕ್ಕಿದ್ದು ನೆಟ್‌ಫ್ಲಿಕ್ಸಿನ ‘ಮಿಡ್‌ನೈಟ್ ಡೈನರ್’. ಟೋಕಿಯೋದ ಶಿಂಜುಕುವಿನಲ್ಲಿ ರಾತ್ರಿ ಹನ್ನೆರಡಕ್ಕೆ ಬಾಗಿಲು ತೆರೆದು ಬೆಳಿಗ್ಗೆ ಏಳಕ್ಕೆ ಮುಚ್ಚುವ ಪುಟ್ಟ ಹೋಟೆಲ್. ಕಂತು ಅರ್ಧ ಗಂಟೆಯೂ ಇಲ್ಲ. ಹೊಸಬರಿಗೆ ನಾನು ಇದನ್ನೇ ಹೇಳುವುದು. ಯಾಕೆಂದರೆ ಪ್ರತಿ ಕಂತಿನಲ್ಲೂ ಜನ ಒಳಗೆ ಬರುತ್ತಾರೆ, ಕೂರುತ್ತಾರೆ, ತಿನ್ನಲು ಕೇಳುತ್ತಾರೆ, ಹೊಗಳುತ್ತಾರೆ, ಹೋಗುತ್ತಾರೆ. ಅವೇ ಮಾತುಗಳು ಬೇರೆಬೇರೆ ಬಾಯಲ್ಲಿ ಬರುತ್ತವೆ: ಮುದುಕನ ಗೊಗ್ಗರು ದನಿ, ಕುಡಿದವನ ತೊದಲು, ಚಿಕ್ಕ ಹುಡುಗಿಯ ಅವಸರ. ಪಠ್ಯಪುಸ್ತಕದ ಸಿಡಿಯಲ್ಲಿ ಎಲ್ಲರೂ ಆಕಾಶವಾಣಿಯ ವಾರ್ತೆ ಓದಿದ ಹಾಗೆ ಮಾತಾಡುತ್ತಾರೆ. ಪೀಣ್ಯಕ್ಕೆ ಬರುವ ಎಂಜಿನಿಯರು ಹಾಗೆ ಮಾತಾಡುವುದಿಲ್ಲ.

ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿದರೆ ಕಥೆ ತಿಳಿಯುತ್ತದೆ, ಭಾಷೆ ಅಲ್ಲೇ ಉಳಿಯುತ್ತದೆ. ಇದನ್ನು ಅನೇಕರು ಹೇಳಿದ್ದಾರೆ. ಕನ್ನಡಿಗನಿಗೆ ಇದರಲ್ಲಿ ಇನ್ನೊಂದು ವಿಶೇಷ ತೊಡಕಿದೆ. ಜಪಾನಿ ವಾಕ್ಯ ಕನ್ನಡದಂತೆಯೇ ಕಟ್ಟಿಕೊಳ್ಳುತ್ತದೆ: ಯಾರು, ಯಾವಾಗ, ಎಲ್ಲಿ, ಏನನ್ನು ಎಲ್ಲ ಮೊದಲು, ಕ್ರಿಯಾಪದ ಕೊನೆಗೆ. ಇಲ್ಲ, ಬೇಡ, ಆಗದು ಎಂಬುದು ಆ ಕ್ರಿಯಾಪದದ ಬಾಲದಲ್ಲಿ. ಸಾಲ ಕೇಳಲು ಬಂದವನ ಎದುರು ಬ್ಯಾಂಕಿನವನು ಮಾತಾಡುತ್ತಿದ್ದಾನೆ ಅನ್ನಿ. ಕೊಡುತ್ತಾನೋ ಇಲ್ಲವೋ ಅನ್ನುವುದು ಅವನ ಕೊನೆಯ ಅಕ್ಷರದ ತನಕ ಗೊತ್ತಾಗುವುದಿಲ್ಲ. ಕೇಳುವವನ ಮುಖವೂ ಅಲ್ಲಿಯ ತನಕ ಬಿಗಿಹಿಡಿದಿರುತ್ತದೆ. ಆದರೆ ಪರದೆಯ ಕೆಳಗಿನ ಇಂಗ್ಲಿಷ್ ಸಾಲು ಆಗುವುದಿಲ್ಲ ಎಂಬುದನ್ನು ಮೊದಲೇ ಬರೆದು ತೋರಿಸಿರುತ್ತದೆ. ಕಣ್ಣು ಒಂದು ಕಡೆಯಿಂದ ಬರುತ್ತದೆ, ಕಿವಿ ಇನ್ನೊಂದು ಕಡೆಯಿಂದ. ಇಂಗ್ಲಿಷ್ ಸಾಲು ತೆಗೆದು, ಕೇಳಿದ್ದನ್ನು ಮನಸ್ಸಿನಲ್ಲಿ ಕನ್ನಡದಲ್ಲೇ ಹೇಳಿಕೊಳ್ಳತೊಡಗಿದ ದಿನದಿಂದ ಕೆಲಸ ಹಗುರವಾಯಿತು. ಜಪಾನಿಯವರ ‘ತಬೆತೆ ಮಿರು’ ನಮ್ಮ ‘ತಿಂದು ನೋಡು’. ತಿನ್ನುವುದಕ್ಕೂ ನೋಡುವುದಕ್ಕೂ ಏನು ಸಂಬಂಧ ಅಂತ ಕನ್ನಡಿಗ ಕೇಳುವುದಿಲ್ಲ. ಮನೆ ಬಿಡುವಾಗ ಅವರು ಹೇಳುವ ‘ಇತ್ತೆಕಿಮಸ್’ ಅಪ್ಪಟ ‘ಹೋಗಿ ಬರ್ತೀನಿ’. ಇವನ್ನೆಲ್ಲ ಇಂಗ್ಲಿಷಿನ ಮೂಲಕ ಕಲಿಯಲು ಹೊರಟವರು ವ್ಯಾಕರಣದ ಪುಟಗಟ್ಟಲೆ ವಿವರಣೆ ಓದುವುದನ್ನು ಕಂಡಿದ್ದೇನೆ.

ಹಾಗಂತ ಅಕ್ಷರವೇ ಬೇಡ ಎಂದಲ್ಲ. ಮಾತು ಯಾವ ಭಾಷೆಯಲ್ಲಿದೆಯೋ ಸಬ್‌ಟೈಟಲ್ಲೂ ಅದೇ ಭಾಷೆಯಲ್ಲಿರಬೇಕು. ಬ್ರಿಜ್ ಕೊಠಾರಿಯವರು ಅಮೆರಿಕದಲ್ಲಿ ಓದುತ್ತಿದ್ದಾಗ ಸ್ಪ್ಯಾನಿಷ್ ಕಲಿಯುವ ಆಸೆಯಿಂದ ಒಂದು ಸ್ಪ್ಯಾನಿಷ್ ಸಿನಿಮಾ ನೋಡುತ್ತ, ಕೆಳಗಿನ ಸಾಲೂ ಸ್ಪ್ಯಾನಿಷಿನಲ್ಲೇ ಇದ್ದಿದ್ದರೆ ಎಂದುಕೊಂಡರಂತೆ. ಅದರಿಂದ ಹುಟ್ಟಿದ್ದೇ ನಮ್ಮ ದೇಶದಲ್ಲಿ ಟಿವಿಯ ಚಿತ್ರಗೀತೆಗಳಿಗೆ ಅದೇ ಭಾಷೆಯ ಸಾಲು ಹಾಕಿ ಓದು ಕಲಿಸುವ ಯೋಜನೆ. ಜಪಾನಿನ ಟಿವಿಯವರು ಇದನ್ನು ತಮ್ಮದೇ ಕಾರಣಕ್ಕೆ ಮೊದಲಿಂದ ಮಾಡುತ್ತಾರೆ. ಅವರ ಹರಟೆಯ ಕಾರ್ಯಕ್ರಮಗಳಲ್ಲಿ ಯಾರಾದರೂ ತಮಾಷೆಯ ಮಾತಾಡಿದ ಕೂಡಲೇ ಅದು ದಪ್ಪ ಬಣ್ಣದ ಅಕ್ಷರದಲ್ಲಿ ಪರದೆ ಮೇಲೆ ಹಾರುತ್ತದೆ. ಟೆಲೊಪ್ ಅನ್ನುತ್ತಾರೆ. ನನಗೆ ಸ್ವಲ್ಪವಾದರೂ ಕಾಂಜಿ ಲಿಪಿ ಬಂದಿದ್ದರೆ ಅದರ ಪುಣ್ಯ ಅರ್ಧ ಈ ಗದ್ದಲದ ಕಾರ್ಯಕ್ರಮಗಳದು.

ಟಿಪ್ಪಣಿ ಮಾಡಿಕೊಳ್ಳುವುದಕ್ಕೆ ಕನ್ನಡ ಲಿಪಿಯೇ ಸರಿ. ಜಪಾನಿಯಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಚಿಕ್ಕಮ್ಮ ಅಜ್ಜಿಯಾಗುತ್ತಾರೆ: ಒಬಸನ್, ಒಬಾಸನ್. ಒತ್ತು ಬಿಟ್ಟರೆ ಅಂಚೆಚೀಟಿ ಹೋಗಿ ಇನ್ನೇನೋ ಆಗುತ್ತದೆ. ರೋಮನ್ ಅಕ್ಷರದಲ್ಲಿ ಬರೆದುಕೊಂಡ ನನ್ನ ಸಹೋದ್ಯೋಗಿಗಳಿಗೆ ಈ ವ್ಯತ್ಯಾಸ ಕಣ್ಣಿಗೇ ಬೀಳುತ್ತಿರಲಿಲ್ಲ.

ಆದರೆ ನನ್ನನ್ನು ನಿಜವಾಗಿ ಹಿಡಿದದ್ದು ‘ಶಿತಾಮಾಚಿ ರಾಕೆಟ್’. ಇಕೆಇದೊ ಜುನ್ ಅವರ ಕಾದಂಬರಿಗೆ 2011ರಲ್ಲಿ ನಾವೊಕಿ ಪ್ರಶಸ್ತಿ ಬಂತು, 2015ರಲ್ಲಿ ಟಿಬಿಎಸ್ ವಾಹಿನಿ ಧಾರಾವಾಹಿ ಮಾಡಿತು. ಟೋಕಿಯೋದ ಓತಾ ಪ್ರದೇಶ ಸಣ್ಣಸಣ್ಣ ಮಶಿನ್ ಶಾಪುಗಳ ಬೀಡು, ಅಲ್ಲಿನ ಪೀಣ್ಯ ಎನ್ನಿ. ಅಲ್ಲಿಯ ತ್ಸುಕುದಾ ಎಂಬ ಸಣ್ಣ ಕಾರ್ಖಾನೆಯವರು ರಾಕೆಟ್ಟಿನ ವಾಲ್ವ್ ಮಾಡುತ್ತಾರೆ. ಪೇಟೆಂಟಿನ ಕೇಸು ಬೀಳುತ್ತದೆ, ಬ್ಯಾಂಕು ಕೈ ಎತ್ತುತ್ತದೆ, ಆಮೇಲೆ ದೊಡ್ಡ ಕಂಪನಿಯವರು ಬಿಡಿಭಾಗ ಕೊಳ್ಳುವ ಮುಂಚೆ ಆಡಿಟ್ಟಿಗೆ ಬರುತ್ತಾರೆ. ಆ ಆಡಿಟ್ ದೃಶ್ಯ ನೋಡುವಾಗ ನನಗೆ ಭಾಷೆ ನೆನಪೇ ಆಗಲಿಲ್ಲ. ಫೈಲು ಮಗುಚಿ ಮೂಗು ಮುರಿಯುವ ಆಡಿಟರುಗಳು, ರಾತ್ರಿಯಿಡೀ ಕೂತು ದಾಖಲೆ ಸರಿಪಡಿಸುವ ಕೆಲಸಗಾರರು, ಗೋಡೆಗೆ ಅಂಟಿಸಿದ ‘ತ್ಸುಕುದಾ ಹಿನ್‌ಶಿತ್ಸು, ತ್ಸುಕುದಾ ಪುರಾಯಿದೊ’, ಅಂದರೆ ತ್ಸುಕುದಾ ಗುಣಮಟ್ಟ, ತ್ಸುಕುದಾ ಹೆಮ್ಮೆ. ರಾಮಾಯಣದಲ್ಲಾದದ್ದೇ ಇಲ್ಲೂ ಆಯಿತು. ಬದುಕಿನಲ್ಲಿ ಗೊತ್ತಿರುವ ಕಥೆ ಆರಿಸಿಕೊಂಡರೆ ಪದ ತಾನಾಗಿ ಜಾಗ ಹುಡುಕಿಕೊಳ್ಳುತ್ತದೆ. ಅನಿಮೆಯ ಕತ್ತಿವರಸೆಯ ಕಥೆಗಳು ಚೆಂದವೇ, ಆದರೆ ಅಲ್ಲಿ ಕಲಿತ ಮಾತಿನಲ್ಲಿ ಡೆಲಿವರಿ ತಡವಾದದ್ದನ್ನು ವಿವರಿಸಲಾಗದು.

ಈ ಧಾರಾವಾಹಿಯಿಂದ ಇನ್ನೊಂದನ್ನು ಗಮನಿಸತೊಡಗಿದೆ. ಒಬ್ಬನೇ ತ್ಸುಕುದಾ ಸಾಹೇಬ ಮಗಳೊಡನೆ ಒಂದು ಥರ, ಕೆಲಸಗಾರರೊಡನೆ ಒಂದು ಥರ, ದೊಡ್ಡ ಕಂಪನಿಯವರ ಎದುರು ಇನ್ನೊಂದೇ ಥರ ಮಾತಾಡುತ್ತಾನೆ. ನಮ್ಮ ನೀನು, ನೀವು, ತಾವುಗಳಿಗಿಂತ ಅವರ ಮೆಟ್ಟಿಲು ಹೆಚ್ಚು, ಕ್ರಿಯಾಪದವೇ ಬದಲಾಗಿಬಿಡುತ್ತದೆ. ಹಾಗಾಗಿ ಮಾತಿನ ಜೊತೆಗೆ ಯಾರು ಯಾರಿಗೆ ಅಂದರು ಅನ್ನುವುದನ್ನೂ ಬರೆದಿಟ್ಟುಕೊಳ್ಳುತ್ತೇನೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ಅಕ್ಕನ ಮಗಳು ಕೊರಿಯನ್ ಧಾರಾವಾಹಿಗಳಿಂದ ಕೊರಿಯನ್ ಕಲಿಯುತ್ತಿದ್ದಾಳೆ. ಅದರಲ್ಲೂ ಇದೇ ಮೆಟ್ಟಿಲು. “ಮಾವ, ನಂಗೆ ಪ್ರೀತಿ ಮಾಡೋಕೂ ಜಗಳ ಆಡೋಕೂ ಬರತ್ತೆ, ಮ್ಯಾನೇಜರ್ ಹತ್ರ ರಜಾ ಕೇಳೋಕೆ ಮಾತ್ರ ಬರಲ್ಲ” ಅಂತಾಳೆ.

ಮೆಟ್ರೋದಲ್ಲಿ ಹೋಗುವಾಗ, ರಾತ್ರಿ ನೋಡಿದ ಕಂತಿನ ದನಿ ಮಾತ್ರ ಕಿವಿಗೆ ಹಾಕಿಕೊಳ್ಳುತ್ತೇನೆ. ಚಿತ್ರ ತಲೆಯೊಳಗಿರುತ್ತದೆ. ಪೀಣ್ಯ ಇಂಡಸ್ಟ್ರಿ ಬರುವಷ್ಟರಲ್ಲಿ ಒಂದೆರಡು ದೃಶ್ಯ ತುಟಿ ಅಲ್ಲಾಡಿಸಿಯೇ ಮುಗಿದಿರುತ್ತದೆ. ಪಕ್ಕದವರು ಜಪ ಅಂದುಕೊಳ್ಳುತ್ತಾರೇನೋ.

ಟಿವಿ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಜಪಾನಿ ಸರಕಾರದ ಬೆಂಬಲದ ಜೆಎಲ್‌ಪಿಟಿ ಪರೀಕ್ಷೆ ತೋರಿಸಿತು. ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುವ ಇದರಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತ. ಎನ್3ಗೆ 180 ಅಂಕ, ಪಾಸಾಗಲು 95. ಪದ-ವ್ಯಾಕರಣ, ಓದು, ಆಲಿಸುವಿಕೆ ಮೂರರಲ್ಲೂ 60ಕ್ಕೆ ಕನಿಷ್ಠ 19 ಬರಲೇಬೇಕು. ಆಲಿಸುವ ಭಾಗ ಸರಾಗ, ಓದಿನ ಭಾಗ ಏದುಸಿರು. ಮಾತಾಡುವ ಪರೀಕ್ಷೆಯೇ ಅದರಲ್ಲಿಲ್ಲ, ಟಿವಿಯಿಂದ ಕಲಿತವರಿಗೆ ಇದು ಅನ್ಯಾಯವೇ! ಕಾಂಜಿಗೆ ಕೊನೆಗೂ ಕಾಪಿ ಪುಸ್ತಕ, ಪೆನ್ಸಿಲ್, ಭಾನುವಾರದ ಮೇಷ್ಟ್ರು ಬೇಕಾದರು. ಡ್ರಾಯಿಂಗಿಗೆ ಜುಮೆನ್, ಟಾಲರೆನ್ಸಿಗೆ ಕೋಸಾ, ರಿಜೆಕ್ಟಾದ ಮಾಲಿಗೆ ಫುರ್ಯೋ ಎಂಬುದನ್ನು ಬಾಯಿಗೆ ಕೂರಿಸಿದ್ದು ಶಾಪ್‌ಫ್ಲೋರೇ.

ಈಗ ಆ ಎಂಜಿನಿಯರುಗಳ ಮಾತು ತಿಳಿಯುತ್ತದೆ. ಹೆಚ್ಚಿನ ಸಲ ಅವರು ಮಾತಾಡುವುದು ಜಾಬಿನ ಅಂಚಿನಲ್ಲಿ ಬರ್ ಎಲ್ಲಿದೆ, ಮಧ್ಯಾಹ್ನ ಊಟ ಎಲ್ಲಿ ಎಂಬ ಎರಡೇ ವಿಷಯ.

ನಮ್ಮ ಪ್ಯಾಕಿಂಗ್ ವಿಭಾಗಕ್ಕೆ ಒಡಿಶಾದ ಹುಡುಗನೊಬ್ಬ ಸೇರಿದ್ದಾನೆ. ಕನ್ನಡ ಕಲೀಬೇಕು ಸರ್ ಅಂದ. ಕನ್ನಡ ಸಿನಿಮಾಗಳನ್ನು ಅವನು ಹಿಂದಿ ಡಬ್ಬಿಂಗಿನಲ್ಲೇ ನೋಡಿದ್ದ. ಅದು ಬೇಡ, ಕನ್ನಡದಲ್ಲೇ ನೋಡು, ಗೊತ್ತಿರೋ ಕಥೆ ನೋಡು ಎಂದೆ. ಅವನ ರೂಮಿನ ಓನರ್ ಅಮ್ಮ ಸಂಜೆ ತಪ್ಪದೆ ಧಾರಾವಾಹಿ ಹಾಕುತ್ತಾರಂತೆ, ಬಾಗಿಲ ಹತ್ತಿರ ಕೂತು ನೋಡುತ್ತಾನಂತೆ. ಮೊನ್ನೆ ಯಾರೋ ಅವನ ಟೇಪ್ ಕಟರ್ ಎತ್ತಿಕೊಂಡರು. ಹುಡುಗ ಸೊಂಟಕ್ಕೆ ಕೈ ಕೊಟ್ಟು ನಿಂತು, ಅತ್ತೆಯ ಗತ್ತಿನಲ್ಲಿ, “ಎಷ್ಟು ಧೈರ್ಯ ನಿಂಗೆ!” ಎಂದ. ಲೈನೆಲ್ಲ ನಕ್ಕಿತು. ಕಟರ್ ಮಾತ್ರ ವಾಪಸ್ ಬಂತು.