ಗಿರಿಪಥಗಳೂ ಅಧಿಕಾರಭೇದವೂ

ಘಟ್ಟ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಮಲೆಯನ್ನು ದಾಟುವ ಸ್ಥಳವೂ ಘಟ್ಟವೇ, ಒಂದು ಕಾರ್ಯದ ಹಂತವೂ ಘಟ್ಟವೇ. ಬೆಟ್ಟವೇರುವ ವಿದ್ಯೆಯ ಸಾರವೆಲ್ಲವೂ ಈ ಎರಡರ್ಥದ ಒಂದು ಮಾತಿನಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಘಟ್ಟವನ್ನು ಏರಬೇಕಾದವನು ಘಟ್ಟಘಟ್ಟವಾಗಿಯೇ ಏರಬೇಕು. ನಮ್ಮ ಶಾಸ್ತ್ರಗ್ರಂಥಗಳು ವಿಷಯವನ್ನು ಹೇಳುವ ಮೊದಲು ಅದಕ್ಕೆ ಅಧಿಕಾರಿ ಯಾರು ಎಂಬುದನ್ನು ವಿಚಾರಿಸುತ್ತವೆ. ಶರಣರ ಷಟ್‌ಸ್ಥಲವೂ ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಕ್ರಮವಾಗಿ ನಡೆಯಬೇಕಾದ ಮಾರ್ಗವೇ ಆಗಿದೆ. ಇಲ್ಲಿ ಅಧಿಕಾರವೆಂದರೆ ದೊಡ್ಡಸ್ತಿಕೆಯಲ್ಲ, ಯೋಗ್ಯತೆ. ಈ ವಿವೇಕವನ್ನು ಇಂದು ಶಾಲಾಬಾಲಕರಿಂದ ಹಿಡಿದು ವೃದ್ಧರವರೆಗೆ ಎಲ್ಲರೂ ಅರಸಿ ಹೋಗುತ್ತಿರುವ ಕಾಡುಬೆಟ್ಟಗಳ ಕಾಲುದಾರಿಗಳಿಗೆ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಎತ್ತರವು ಕಷ್ಟದ ಅಳತೆಯಲ್ಲ

ಬೆಟ್ಟ ಎತ್ತರವಾದಷ್ಟೂ ಏರುವುದು ಕಠಿಣವೆಂದು ಸಾಮಾನ್ಯರು ಭಾವಿಸುತ್ತಾರೆ. ಇದು ಅರ್ಧಸತ್ಯ. ಕರ್ನಾಟಕದ ಅತ್ಯುನ್ನತ ಶಿಖರ ಚಿಕ್ಕಮಗಳೂರು ಜಿಲ್ಲೆಯ ಮುಳ್ಳಯ್ಯನಗಿರಿ. ಅದರ ಎತ್ತರ ಸುಮಾರು 1,930 ಮೀಟರು. ಆದರೆ ಶಿಖರದ ಸಮೀಪದವರೆಗೆ ವಾಹನದ ರಸ್ತೆ ಹೋಗಿದೆ. ಅಲ್ಲಿಂದ ಮೆಟ್ಟಿಲುಗಳನ್ನು ಏರಿದರೆ ತುದಿಯ ಗುಡಿ ದೊರೆಯುತ್ತದೆ. ಅಜ್ಜನ ಕೈಹಿಡಿದ ಮೊಮ್ಮಗನೂ ಅದನ್ನು ಏರಬಲ್ಲನು. ಕುಮಾರಪರ್ವತವಾದರೋ 1,712 ಮೀಟರು ಮಾತ್ರ, ಎಂದರೆ ಮುಳ್ಳಯ್ಯನಗಿರಿಗಿಂತ ಇನ್ನೂರು ಮೀಟರಿಗೂ ಹೆಚ್ಚು ತಗ್ಗು. ಆದರೂ ನಾಡಿನ ಅತಿ ಕಠಿಣವಾದ ಗಿರಿಪಥಗಳಲ್ಲಿ ಅದು ಒಂದೆಂದು ಬಲ್ಲವರು ಎಣಿಸುತ್ತಾರೆ. ಕಾರಣ ಸ್ಪಷ್ಟವಾಗಿದೆ. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಡುವವನು ಸಮುದ್ರಮಟ್ಟಕ್ಕೆ ನೂರು ಮೀಟರಿಗಿಂತ ತುಸುವೇ ಮೇಲಿರುವ ನೆಲದಿಂದ ಏರಲಾರಂಭಿಸುತ್ತಾನೆ. ಅವನ ಕಾಲುಗಳು ನಿಜವಾಗಿ ಏರಬೇಕಾದದ್ದು ಸುಮಾರು 1,600 ಮೀಟರು. ಆದುದರಿಂದ ಶಿಖರದ ಎತ್ತರಕ್ಕಿಂತ, ಹೊರಟ ನೆಲಕ್ಕೂ ತಲುಪಬೇಕಾದ ನೆಲಕ್ಕೂ ನಡುವಣ ಅಂತರವೇ ಮುಖ್ಯವಾದ ಅಳತೆ.

ಈ ಅಂತರವನ್ನು ಕಾಲಕ್ಕೆ ಪರಿವರ್ತಿಸುವ ಸರಳವಾದ ಲೆಕ್ಕವೊಂದನ್ನು ಸ್ಕಾಟ್ಲೆಂಡಿನ ಗಿರಿಚಾರಿ ವಿಲಿಯಂ ನೇಸ್ಮಿತ್ ಎಂಬವನು 1892ರಲ್ಲಿ ಹೇಳಿದನು. ಐದು ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಆರುನೂರು ಮೀಟರು ಏರಿಗೆ ಇನ್ನೊಂದು ಗಂಟೆ: ಇದು ಅದರ ತಾತ್ಪರ್ಯ. ಕುಕ್ಕೆಯಿಂದ ಕುಮಾರಪರ್ವತಕ್ಕೆ ದಾರಿ ಹನ್ನೆರಡು ಕಿಲೋಮೀಟರೆಂದು ಹಿಡಿದರೂ ನಡಿಗೆಗೆ ಸುಮಾರು ಎರಡೂವರೆ ಗಂಟೆ, ಏರಿಗೆ ಎರಡು ಗಂಟೆ ನಲವತ್ತು ನಿಮಿಷ, ಒಟ್ಟು ಐದು ಗಂಟೆಗಳಿಗೂ ಮಿಗಿಲಾಗುತ್ತದೆ. ಇದು ಗಟ್ಟಿಮುಟ್ಟಾದವನು ಎಲ್ಲಿಯೂ ನಿಲ್ಲದೆ, ತಂಪಿನ ಹವೆಯಲ್ಲಿ ನಡೆದಾಗಿನ ಲೆಕ್ಕ. ನಮ್ಮ ಬಿಸಿಲು, ವಿಶ್ರಾಂತಿ, ಊಟ ಇವನ್ನೆಲ್ಲ ಸೇರಿಸಿ, ಇಳಿಯುವ ಹೊತ್ತನ್ನೂ ಕೂಡಿಸಿದರೆ ಚಳಿಗಾಲದ ಹಗಲು ಸಾಲದೆ ಹೋಗುತ್ತದೆ. ಕತ್ತಲಲ್ಲಿ ದಾರಿತಪ್ಪಿದವರಲ್ಲಿ ಅನೇಕರು ತಪ್ಪಿದ್ದು ಕಾಡಿನಲ್ಲಲ್ಲ, ಈ ಲೆಕ್ಕದಲ್ಲಿ. ಗಣಿತದ ಅಧ್ಯಾಪಕರು ಇದನ್ನು ತರಗತಿಯಲ್ಲಿ ಕಲಿಸಿದರೆ ಕೂಡುವಿಕೆ ಭಾಗಿಸುವಿಕೆಗಳು ಜೀವರಕ್ಷಣೆಯ ವಿದ್ಯೆಯಾದಾವು.

ಮೂರು ತರದ ಪಥಗಳು

ನಡೆಯುವವರ ಶಕ್ತಿಯನ್ನು ಅನುಸರಿಸಿ ಪಥಗಳನ್ನು ಸುಗಮ, ಮಧ್ಯಮ, ಕಠಿಣ ಎಂದು ಮೂರಾಗಿ ವಿಂಗಡಿಸಬಹುದು.

ಸುಗಮಪಥಕ್ಕೆ ಮುಳ್ಳಯ್ಯನಗಿರಿಯ ಮೆಟ್ಟಿಲದಾರಿಯೇ ನಿದರ್ಶನ. ಅದೇ ಗಿರಿಯನ್ನು ಸರ್ಪದಾರಿಯೆಂಬ ಕಾಲುದಾರಿಯಿಂದ ಏರಿದರೆ ಅಭ್ಯಾಸ ಇನ್ನೂ ತುಸು ಬಲಿಯುತ್ತದೆ. ಒಂದೇ ಬೆಟ್ಟ ಇಬ್ಬರು ಅಧಿಕಾರಿಗಳಿಗೆ ಎರಡು ಬಗೆಯ ದಾರಿ ತೋರುವುದು ಇಲ್ಲಿಯ ವಿಶೇಷ. ಹೊಸಬರು ಇಂಥಲ್ಲಿ ತಮ್ಮ ಉಸಿರು, ಮೊಣಕಾಲು, ಪಾದರಕ್ಷೆ ಈ ಮೂರನ್ನೂ ಪರೀಕ್ಷಿಸಿಕೊಳ್ಳಬೇಕು.

ಮಧ್ಯಮಪಥಕ್ಕೆ ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿಯನ್ನು ಹೇಳಬಹುದು. ಮೂಕಾಂಬಿಕಾ ವನ್ಯಧಾಮದ ದಟ್ಟ ಕಾಡಿನ ನಡುವಣ ಈ ಗಿರಿಯ ಎತ್ತರ 1,343 ಮೀಟರು. ಜೀಪಿನಲ್ಲಿ ಬಹುದೂರ ಹೋಗಿ ಉಳಿದುದನ್ನು ನಡೆಯುವವರೂ ಉಂಟು. ಹಿಡ್ಲುಮನೆ ಜಲಪಾತದ ಪಕ್ಕದಿಂದ ಏರಿ ಹೋಗುವವರೂ ಉಂಟು. ಮೇಲೆ ಸರ್ವಜ್ಞಪೀಠವೆಂಬ ಕಲ್ಲಿನ ಚಿಕ್ಕ ಮಂಟಪವಿದೆ. ನೀರು ಹರಿಯುವ ಬಂಡೆಗಳ ಮೇಲೆ ಹೆಜ್ಜೆಯಿಡುವ ಎಚ್ಚರವನ್ನು ಈ ಪಥ ಕಲಿಸುತ್ತದೆ.

ಕುದುರೆಮುಖವು ಮಧ್ಯಮಕ್ಕೂ ಕಠಿಣಕ್ಕೂ ನಡುವಿನದು. ಸುಮಾರು 1,890 ಮೀಟರು ಎತ್ತರದ ಈ ಶಿಖರಕ್ಕೆ ಮುಳ್ಳೋಡಿಯ ಕಡೆಯಿಂದ ಹೋಗಿಬರಲು ಇಪ್ಪತ್ತು ಕಿಲೋಮೀಟರಿನ ಆಸುಪಾಸು ನಡೆಯಬೇಕು. ಏರು ಒಮ್ಮೆಗೇ ಕಡಿದಾಗಿಲ್ಲ. ಕಾಡು, ಹುಲ್ಲುಗಾವಲು, ತೊರೆ, ಮತ್ತೆ ಕಾಡು, ಹೀಗೆ ದೀರ್ಘವಾಗಿದೆ. ಇಲ್ಲಿ ಬೇಕಾದುದು ಬಲಕ್ಕಿಂತ ಹೆಚ್ಚಾಗಿ ತಾಳ್ಮೆ.

ಕಠಿಣಪಥವೆಂದರೆ ಪುಷ್ಪಗಿರಿ ವನ್ಯಧಾಮದ ಕುಮಾರಪರ್ವತ. ಕುಕ್ಕೆಯಿಂದ ಹೊರಟವನಿಗೆ ಮೊದಲು ನಿತ್ಯಹರಿದ್ವರ್ಣದ ಕಾಡಿನ ನೆರಳು. ಗಿರಿಗದ್ದೆಯ ಭಟ್ಟರ ಮನೆಯನ್ನು ದಾಟಿದ ಮೇಲೆ ನೆರಳಿಲ್ಲದ ಹುಲ್ಲುಬೆಟ್ಟ. ಮುಂದೆ ಕಲ್ಲುಮಂಟಪ, ಶೇಷಪರ್ವತ, ಕೊನೆಗೆ ಶಿಖರ. ಸೋಮವಾರಪೇಟೆಯ ಕಡೆಯಿಂದ ಇರುವ ದಾರಿ ದೂರದಲ್ಲಿ ಕಡಿಮೆ. ಹೊರಡುವ ನೆಲವೂ ಎತ್ತರದ್ದು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯ ಅರ್ಥ ಶೇಷಪರ್ವತದ ಮೇಲೆ ನಿಂತು ಇನ್ನೂ ಮುಂದಿರುವ ಶಿಖರವನ್ನು ನೋಡಿದವನಿಗೆ ಚೆನ್ನಾಗಿ ತಿಳಿಯುತ್ತದೆ. ಅಲ್ಲಿಂದ ಹಿಂದಿರುಗಲು ನಿರ್ಧರಿಸಿದವನನ್ನು ಹೇಡಿಯೆನ್ನುವುದು ಅವಿವೇಕ. ಏರಿದ್ದು ಅರ್ಧ ಮಾತ್ರ. ಮೊಣಕಾಲಿಗೆ ಹೆಚ್ಚಿನ ಪೆಟ್ಟು ಕೊಡುವುದು ಇಳಿಜಾರು. ದಣಿದವನು ಎಡವುವುದೂ ಅಲ್ಲಿಯೇ.

ಕಾಡು ನಮಗೆ ಕೊಡುವುದೇನು?

ಈ ಬೆಟ್ಟಗಳ ಮೇಲ್ಭಾಗದಲ್ಲಿ ಎರಡು ಬಗೆಯ ಸಸ್ಯಸಂಪತ್ತು ಒಂದಕ್ಕೊಂದು ಅಂಟಿಕೊಂಡಿವೆ. ಇಳುಕಲುಗಳಲ್ಲಿ ಹುಲ್ಲು, ಕಣಿವೆಯ ಮಡಿಲುಗಳಲ್ಲಿ ಶೋಲಾ ಎಂಬ ಗಿಡ್ಡಮರಗಳ ಕಾಡು. ಮುಂಗಾರಿನ ಮಳೆಯನ್ನು ಹುಲ್ಲಿನ ಬೇರೂ ಶೋಲೆಯ ತರಗೆಲೆಯ ಮೆತ್ತೆಯೂ ಹೀರಿಕೊಂಡು, ಮಳೆ ನಿಂತ ತಿಂಗಳುಗಳಲ್ಲಿ ತೊರೆಗಳಾಗಿ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತವೆ. ತುಂಗೆ, ಭದ್ರೆ, ನೇತ್ರಾವತಿಗಳ ಮೂಲವೆಂದು ಪ್ರಸಿದ್ಧವಾದ ಗಂಗಾಮೂಲ ಕುದುರೆಮುಖದ ಮಲೆಗಳಲ್ಲಿಯೇ ಇದೆ. ಬಯಲುಸೀಮೆಯ ರೈತನು ತುಂಗಭದ್ರೆಯ ಕಾಲುವೆಯಿಂದ ಗದ್ದೆಗೆ ಹಾಯಿಸುವ ನೀರಿಗೂ ಆ ಬೆಟ್ಟದ ಒಂದು ಹುಲ್ಲಿನ ಗರಿಗೂ ಸಂಬಂಧವಿದೆಯೆಂಬುದನ್ನು ಮರೆಯಬಾರದು.

ಈ ಮಲೆಗಳು ಉಳಿದದ್ದು ತಾನಾಗಿ ಅಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಗಾಗಿ 1976ರಲ್ಲಿ ಸರ್ಕಾರಿ ಸಂಸ್ಥೆಯೊಂದು ಸ್ಥಾಪಿತವಾಯಿತು. 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನ ಫಲವಾಗಿ 2005ರ ಕೊನೆಗೆ ಗಣಿಗಾರಿಕೆ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟಗಳ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಪುಷ್ಪಗಿರಿಯೂ ಅವುಗಳಲ್ಲಿ ಸೇರಿದವು. ಯಂತ್ರಗಳಿಂದ ಉಳಿದ ಬೆಟ್ಟವನ್ನು ಕಾಲುಗಳು ಕೆಡಿಸಬಾರದಷ್ಟೆ.

ಆ ಭಯ ಕಾಲ್ಪನಿಕವಲ್ಲ. 2024ರ ಜನವರಿಯ ಕೊನೆಯಲ್ಲಿ ರಜೆಯ ದಿನಗಳಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಾತ್ರೆಯೇ ನೆರೆಯಿತು. ಅದರ ಬೆನ್ನಲ್ಲೇ ರಾಜ್ಯಸರ್ಕಾರವು ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಆಮೇಲೆ ಆನ್‌ಲೈನ್ ನೋಂದಣಿಯನ್ನೂ ದಿನಕ್ಕೆ ಇಷ್ಟೇ ಜನರೆಂಬ ಮಿತಿಯನ್ನೂ ಜಾರಿಗೆ ತಂದಿತು. ಹುಲ್ಲುಗಾವಲಿನಲ್ಲಿ ನೂರಾರು ಜನ ದಾರಿಬಿಟ್ಟು ನಡೆದರೆ ಹುಲ್ಲು ಸವೆದು ಮಣ್ಣು ಬರಿದಾಗುತ್ತದೆ. ಮುಂದಿನ ಮಳೆಗೆ ಆ ಸವೆತವೇ ಕೊರಕಲಾಗುತ್ತದೆ. ಕಾಲುದಾರಿಗೂ ಧಾರಣಶಕ್ತಿಯುಂಟು. ಅಧಿಕಾರಭೇದದ ಪ್ರಶ್ನೆಯನ್ನು ನಡೆಯುವವನಿಗೆ ಕೇಳಿದಂತೆ ಬೆಟ್ಟಕ್ಕೂ ಕೇಳಬೇಕು: ಇವನು ಬೆಟ್ಟವನ್ನು ತಾಳಬಲ್ಲನೆ? ಬೆಟ್ಟವು ಇಷ್ಟು ಜನರನ್ನು ತಾಳಬಲ್ಲುದೆ?

ನಡೆಯುವವರ ನಿಯಮಗಳು

ವನ್ಯಧಾಮದೊಳಗಿನ ಪಥಗಳನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಪ್ರವೇಶಿಸತಕ್ಕದ್ದಲ್ಲ. ಕಟ್ಟಳೆಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು. ನಸುಕಿನಲ್ಲಿ ಹೊರಡಬೇಕು. ನೀರು ಸಾಕಷ್ಟಿರಬೇಕು. ಮಳೆಗಾಲದಲ್ಲಿ ಇಂಬಳದ ಕಾಟವೂ ಪಾಚಿಗಟ್ಟಿದ ಬಂಡೆಯ ಜಾರುವಿಕೆಯೂ ಉಂಟು. ಮಾಘ ಫಾಲ್ಗುಣಗಳಲ್ಲಿ ಹುಲ್ಲು ಒಣಗಿ ಒಂದು ಕಿಡಿಗೆ ಕಾದಿರುತ್ತದೆ, ಆದುದರಿಂದ ಬೆಂಕಿ ಸರ್ವಥಾ ವರ್ಜ್ಯ. ಒಯ್ದದ್ದನ್ನೆಲ್ಲ, ಕಾಗದದ ಚೂರನ್ನೂ ಬಿಡದೆ, ಮರಳಿ ತರಬೇಕು. ಗುಂಪು ಸದಾ ಅತ್ಯಂತ ನಿಧಾನವಾಗಿ ನಡೆಯುವವನ ವೇಗದಲ್ಲಿ ನಡೆಯಬೇಕು. ಮಲೆಯ ಮಹದೇಶ್ವರನ ಬೆಟ್ಟಕ್ಕೆ ಕಾಡಿನ ದಾರಿಯಲ್ಲಿ ನಡೆದುಹೋಗುವ ಭಕ್ತಸಮೂಹದಲ್ಲಿ ಈ ಧರ್ಮ ಬಹುಕಾಲದಿಂದ ರೂಢವಾಗಿದೆ. ಅಲ್ಲಿ ಮುದುಕಿಯನ್ನು ಹಿಂದೆ ಬಿಟ್ಟು ಮೊದಲು ತಲುಪಿದವನಿಗೆ ಯಾವ ಹೆಚ್ಚಿನ ಪುಣ್ಯವೂ ಇಲ್ಲ.

ಶಾಲೆಗಳಿಗೆ ಇದರಿಂದ ದೊರೆಯುವ ಪಾಠ ಸ್ಪಷ್ಟವಾಗಿದೆ. ಪ್ರವಾಸಕ್ಕೆ ಹೊರಡುವ ಅಧ್ಯಾಪಕರು ಸ್ಥಳದ ಕೀರ್ತಿಯನ್ನು ನೋಡಿ ಬೆಟ್ಟವನ್ನು ಆರಿಸುವುದಕ್ಕೆ ಬದಲು, ತಂಡದಲ್ಲಿ ಎಲ್ಲರಿಗಿಂತ ದುರ್ಬಲನಾದ ಬಾಲಕನನ್ನು ನೋಡಿ ಆರಿಸಬೇಕು. ಮೊದಲ ವರ್ಷ ಸುಗಮ, ಅಭ್ಯಾಸವಾದ ಮೇಲೆ ಮಧ್ಯಮ. ಕಠಿಣವನ್ನು ಪ್ರಾಯ ಬಂದ ಮೇಲೆ ಅವರೇ ಅರಸಿಕೊಳ್ಳಲಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಗಟ್ಟಿಯಾದ ಪಾದರಕ್ಷೆ, ಪ್ರಥಮೋಪಚಾರದ ಪೆಟ್ಟಿಗೆ, ದಾರಿಬಲ್ಲ ಸ್ಥಳೀಯ ಮಾರ್ಗದರ್ಶಿಯ ಸಂಭಾವನೆ ಇವುಗಳಿಗೆ ನೆರವಾದರೆ ಅದು ಕಟ್ಟಡದ ದಾನಕ್ಕೆ ಕಡಿಮೆಯೇನಲ್ಲ. ಕೈಗೆ ಎಟುಕಿದ ಬೆಟ್ಟವನ್ನು ಸುಖವಾಗಿ ಏರಿ ಇಳಿದ ಬಾಲಕನು ಮುಂದೆ ಬೆಟ್ಟವನ್ನು ಕಾಯುವ ಪ್ರಜೆಯಾಗುತ್ತಾನೆ. ಶಕ್ತಿಮೀರಿದ ಬೆಟ್ಟದಲ್ಲಿ ಬಳಲಿ ಹೆದರಿದವನು ಮತ್ತೆ ಅತ್ತ ತಲೆಯಿಡಲಾರನು. ನಾಳೆಯ ಕಾಡು ಇಂದಿನ ಮಕ್ಕಳ ಹೆಜ್ಜೆಯನ್ನು ಅವಲಂಬಿಸಿದೆ. ಆ ಹೆಜ್ಜೆ ಚಿಕ್ಕದಾಗಿದ್ದರೂ ಸರಿಯಾದ ದಾರಿಯಲ್ಲಿರಲಿ.