ವಾಟ್ಸಾಪ್ ಸುದ್ದಿ ಮತ್ತು ಮಗುವಿನ ಚುಚ್ಚುಮದ್ದು

ರಾತ್ರಿ ಊಟ ಮುಗಿಸಿ ಮೊಬೈಲ್ ಕೈಗೆತ್ತಿಕೊಳ್ಳುತ್ತೀರಿ. ನೆಂಟರ ಗುಂಪಿನಲ್ಲೊಂದು ಸಂದೇಶ: ‘ಶಾಲೆಯಲ್ಲಿ ಹಾಕುವ ಚುಚ್ಚುಮದ್ದು ಅಪಾಯಕಾರಿ. ಮಕ್ಕಳನ್ನು ಕಳುಹಿಸಬೇಡಿ. ಎಲ್ಲರಿಗೂ ತಿಳಿಸಿ.’ ಕಳುಹಿಸಿದವರು ನಿಮ್ಮ ಅತ್ತಿಗೆಯೋ ಸೋದರಮಾವನೋ ಆಗಿರುತ್ತಾರೆ. ಅವರು ನಿಮಗೆ ಕೆಡುಕು ಬಯಸುವವರಲ್ಲ. ಆದ್ದರಿಂದಲೇ ಆ ಮಾತು ಬೇಗ ಮನಸ್ಸಿಗೆ ನಾಟುತ್ತದೆ.

2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಹೀಗೆಯೇ ಆಯಿತು. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ–ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ಆರಂಭವಾಯಿತು. ಜೊತೆಯಲ್ಲೇ ವಾಟ್ಸಾಪ್‌ನಲ್ಲಿ ವದಂತಿಗಳೂ ಹರಡಿದವು. ಹೆದರಿದ ಕೆಲವು ತಂದೆತಾಯಂದಿರು ಲಸಿಕೆಯೇ ಬೇಡವೆಂದರು.

ಬೇಡವೆಂದರೆ ಏನಾಗುತ್ತದೆ?

ದಡಾರ ಗಾಳಿಯ ಮೂಲಕ ಹರಡುವ ರೋಗ. ರೋಗಿ ಕೋಣೆಯಿಂದ ಹೊರಗೆ ಹೋದ ಮೇಲೂ ಅದರ ವೈರಾಣು ಸುಮಾರು 2 ಗಂಟೆ ಅಲ್ಲಿಯೇ ಉಳಿಯಬಲ್ಲದು. ಜ್ವರ, ಕೆಮ್ಮು, ಮೈಮೇಲೆ ಗುಳ್ಳೆಗಳಿಗಷ್ಟೇ ಅದು ನಿಲ್ಲುವುದಿಲ್ಲ. ನ್ಯುಮೋನಿಯಾ, ಭೇದಿ, ಮೆದುಳಿನ ಉರಿಯೂತ ಉಂಟಾಗಬಹುದು. ‘ಎ’ ಜೀವಸತ್ವದ ಕೊರತೆಯಿರುವ ಮಗುವಿನ ಕಣ್ಣೇ ಹೋಗಬಹುದು. ರುಬೆಲ್ಲಾ ಮಕ್ಕಳಲ್ಲಿ ಸೌಮ್ಯವಾಗಿ ಬಂದುಹೋಗುತ್ತದೆ. ಆದರೆ ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗುಲಿದರೆ ಹುಟ್ಟುವ ಮಗುವಿಗೆ ಕಣ್ಣಿನ ಪೊರೆ, ಕಿವುಡುತನ, ಹೃದಯದ ದೋಷಗಳು ಬರಬಹುದು.

ಈ ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತಿಗೆ ಮೂಲ, 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ 12 ಮಕ್ಕಳನ್ನು ಕುರಿತು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ ಲೇಖನ. ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅನಂತರ ಲಕ್ಷಾಂತರ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಂಡುಬರಲಿಲ್ಲ. ಲೇಖನ ಹಿಂದೆ ಹೋಯಿತು, ಅದು ಹುಟ್ಟಿಸಿದ ಭಯ ಮಾತ್ರ ಹೋಗಲಿಲ್ಲ.

ಹಾಗೆಂದು ಲಸಿಕೆಯಿಂದ ಏನೂ ಆಗುವುದಿಲ್ಲವೆಂದಲ್ಲ. ಚುಚ್ಚಿದ ಜಾಗದಲ್ಲಿ ನೋವು, ಕೆಲವು ದಿನಗಳ ನಂತರ ಸಣ್ಣ ಜ್ವರ ಬರಬಹುದು. ತೀವ್ರ ಅಲರ್ಜಿ ಬಹಳ ಅಪರೂಪ. ಅದಕ್ಕಾಗಿಯೇ ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕೂರಿಸುತ್ತಾರೆ. ಹಿಂದೆ ಯಾವುದಾದರೂ ಲಸಿಕೆಯಿಂದ ತೊಂದರೆಯಾಗಿದ್ದರೆ, ಮಗುವಿಗೆ ಈಗ ಜೋರು ಜ್ವರವಿದ್ದರೆ ಮುಂಚೆಯೇ ವೈದ್ಯರಿಗೆ ತಿಳಿಸಿ.

ಸಂದೇಶ ಬಂದಾಗ ಹೀಗೆ ಮಾಡಿ:

1. ಬರೆದವರ ಹೆಸರು, ಊರು, ದಿನಾಂಕ ಇದೆಯೇ ನೋಡಿ. ಹಳೆಯ ಸುದ್ದಿಯೇ ಹೊಸದಾಗಿ ಸುತ್ತುವುದುಂಟು.

2. ‘ತಕ್ಷಣ ಎಲ್ಲರಿಗೂ ಕಳುಹಿಸಿ’ ಎಂದಿದ್ದರೆ ಇನ್ನಷ್ಟು ಎಚ್ಚರಿಕೆಯಿಂದಿರಿ.

3. ಸಂದೇಶವನ್ನು ವೈದ್ಯರಿಗೆ, ಇಲ್ಲವೇ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತೋರಿಸಿ ಕೇಳಿ. ಕೇಳಲು ಸಂಕೋಚ ಬೇಡ.

4. ನಿಜವೆಂದು ತಿಳಿಯುವವರೆಗೆ ಮುಂದಕ್ಕೆ ಕಳುಹಿಸಬೇಡಿ.

ಮೊಬೈಲ್ ಕೆಟ್ಟದ್ದಲ್ಲ. ಲಸಿಕೆಯ ದಿನವನ್ನು ನೆನಪಿಸುವುದಕ್ಕೂ ಅದು ಬರುತ್ತದೆ. ಇಂದೇ ಮಗುವಿನ ತಾಯಿ ಕಾರ್ಡ್ ತೆಗೆದು ನೋಡಿ. ಈ ಲಸಿಕೆಯ ಮೊದಲ ಡೋಸ್ 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ ಆಗಬೇಕು. ತಪ್ಪಿಹೋಗಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.