ಡಿಜಿಟಲ್ ಸಹಿ ಕೈತಪ್ಪದಿರಲಿ

ದಿಗ್ಗೇವಾಡಿ, ರಾಯಬಾಗ ಕಡೆಯ ರೈತ ಬಂಧುಗಳೇ, ರೈತ ಉತ್ಪಾದಕ ಕಂಪನಿಗೆ ನಿರ್ದೇಶಕರಾದಿರೋ, ಒಂದು ಮಾತು ನೆನಪಿಡಿ. ‘ಎಲ್ಲಾ ಅವರೇ ನೋಡ್ಕೋತಾರ ಬಿಡ್ರಿ’ ಎಂದು ಡಿಜಿಟಲ್ ಸಹಿಯ ಟೋಕನ್ನನ್ನೂ ಪಿನ್ನನ್ನೂ ಲೆಕ್ಕ ಬರೆಯುವವರ ಟೇಬಲ್ ಮೇಲೆ ಬಿಟ್ಟು ಬರಬೇಡಿ. ಪೆನ್‌ಡ್ರೈವ್‌ನಂತೆ ಕಾಣುವ ಈ ಟೋಕನ್ನಿನಿಂದ ಹಾಕಿದ ಸಹಿಗೆ 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಕೈಬರಹದ ಸಹಿಯಷ್ಟೇ ಬೆಲೆ.

ಕಂಪನಿ ಪರವಾಗಿ ಸಲ್ಲಿಸುವ ಅರ್ಜಿಯಲ್ಲಿ ಏನಿದೆ ಎಂದು ಓದಿಸಿ ಕೇಳಿ, ಆಮೇಲೆ ನೀವೇ ಪಿನ್ ಒತ್ತಿ. ಸಲ್ಲಿಸಿದ್ದಕ್ಕೆ ಸಿಗುವ ಚಲನ್ ಕೇಳಿ ಪಡೆದು ಫೈಲಿಗೆ ಸೇರಿಸಿ. ವಾರ್ಷಿಕ ಸಭೆಯಾದ ಮೇಲೆ ಗಡುವಿನೊಳಗೆ ಲೆಕ್ಕಪತ್ರ, 60 ದಿನದೊಳಗೆ ವಾರ್ಷಿಕ ವಿವರ ಸಲ್ಲಿಸಬೇಕು. ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಸತತ 3 ವರ್ಷ ತಪ್ಪಿದರೆ 5 ವರ್ಷ ನಿರ್ದೇಶಕ ಸ್ಥಾನಕ್ಕೆ ಅನರ್ಹರು. ಒತ್ತಿದ ಕೈ ಯಾರದೇ ಆಗಲಿ, ಹೊಣೆ ನಿಮ್ಮದೇ.